ತಾರೀಕು ಹೇಳುವ ಹುಡುಗನಿಗೆ ಹಸಿವು ಹೇಳಲು ಬಾರದಿದ್ದರೆ?

ಕಳೆದ ವರ್ಷ ಕುರುಗೋಡಿನಲ್ಲಿ ನಮ್ಮ ಬಳಗದ ಮದುವೆ. ತಾಳಿ ಕಟ್ಟಿ ಮುಗಿದು ಊಟದ ಮೊದಲ ಪಂಕ್ತಿ ಕೂತಿತ್ತು. ಕಲ್ಯಾಣ ಮಂಟಪದ ಒಂದು ಮೂಲೆಯಲ್ಲಿ ಮಾತ್ರ ಹತ್ತಿಪ್ಪತ್ತು ಜನ ಗುಂಪುಗೂಡಿ ಚಪ್ಪಾಳೆ ತಟ್ಟುತ್ತಿದ್ದರು. ಇಣುಕಿ ನೋಡಿದರೆ ನಡುವೆ ನಮ್ಮ ಚಿಕ್ಕಮ್ಮನ ಮಗಳ ಮಗ. ಒಂಬತ್ತು ವರ್ಷದ ಹುಡುಗ. ಯಾರ ಮುಖವನ್ನೂ ನೋಡದೆ ಕಿಟಕಿ ಕಡೆ ತಿರುಗಿ, ಬೆರಳು ಆಡಿಸುತ್ತಾ ನಿಂತಿದ್ದಾನೆ. "1998 ಆಗಸ್ಟ್ 15?" ಅಂತ ಒಬ್ಬರು ಕೇಳಿದರು. "ಶನಿವಾರ." "ನಮ್ಮ ಮದುವಿ ದಿನ ಹೇಳಪ್ಪಾ, 2004 ಮೇ 9?" "ಭಾನುವಾರ." ಕೇಳಿದವರ ಹೆಂಡತಿ ಬಾಯಿಗೆ ಸೆರಗು ಹಿಡಿದರು. ಮೊಬೈಲಿನಲ್ಲಿ ತೆಗೆದು ನೋಡಿದವರೆಲ್ಲ ಸರಿ ಐತಿ, ಸರಿ ಐತಿ ಎನ್ನುತ್ತಿದ್ದರು.

ಹೀಗೆ ಅರ್ಧ ಗಂಟೆ ನಡೆದಿರಬೇಕು. ಹುಡುಗ ಊಟ ಮಾಡಿದ್ದಾನೋ ಇಲ್ಲವೋ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇದ್ದಕ್ಕಿದ್ದಂತೆ ಅವನ ಚಡ್ಡಿ ಒದ್ದೆಯಾಗಿ ನೀರು ಕಾಲಿನಿಂದ ನೆಲಕ್ಕೆ ಇಳಿಯಿತು. ಗುಂಪು ಕರಗಿತು. "ಇಷ್ಟು ಶಾಣ್ಯಾ ಹುಡುಗ, ಇಷ್ಟೂ ತಿಳಿಯಂಗಿಲ್ಲೇನು?" ಎಂದು ಯಾರೋ ಅಂದದ್ದು ಅವನ ತಾಯಿಯ ಕಿವಿಗೂ ಬಿತ್ತು. ಅವಳು ಬಂದು, ಒಂದು ಮಾತೂ ಆಡದೆ ಮಗನನ್ನು ಬಚ್ಚಲಿಗೆ ಕರೆದುಕೊಂಡು ಹೋದಳು.

ಸಂಜೆ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಆ ರಾತ್ರಿ ನಮ್ಮ ಮನೆಯಲ್ಲಿ ತಂಗಿ, ಬೆಳಿಗ್ಗೆ ಸಿರುಗುಪ್ಪಕ್ಕೆ ಹೋಗುವವಳು. ಬಹಳ ಹೊತ್ತಿನ ಮೇಲೆ ಹೇಳಿದಳು: "ಅಕ್ಕಾ, ನೂರು ವರ್ಷದ ತಾರೀಕು ಹೇಳ್ತಾನ. ಹೊಟ್ಟಿ ಹಸದೈತಿ ಅಂತ ಹೇಳಾಕ ಬರಂಗಿಲ್ಲ. ಮಂದಿ ಬಂದು ನಿನ್ನ ಮಗ ದೇವರ ಮಗ ಅಂತಾರ. ನನಗ ದೇವರ ಮಗ ಬ್ಯಾಡಕ್ಕ, ಬಾತ್ರೂಮಿಗೆ ಹೋಗಬೇಕು ಅಂತ ಹೇಳೋ ಮಗ ಸಾಕು."

ಗೆಳತಿಯರೇ, ಈ ಲೇಖನ ಆ ಒಂದು ಮಾತಿನಿಂದ ಹುಟ್ಟಿದ್ದು. ಆಟಿಸಂ ಎಂದ ಕೂಡಲೇ ನಾವೆಲ್ಲ "ಅಂಥ ಮಕ್ಕಳಲ್ಲಿ ಏನೋ ಒಂದು ಗುಪ್ತ ಪ್ರತಿಭೆ ಇರುತ್ತಂತೆ" ಎಂದು ಸಮಾಧಾನ ಹೇಳಿಬಿಡುತ್ತೇವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಕೇಳಿಸಿಕೊಳ್ಳುವ ತಾಯಿಗೆ ಅದು ಎಷ್ಟು ಭಾರ ಅಂತ ನಾವು ಯೋಚಿಸುವುದಿಲ್ಲ.

ಮೊದಲು ಆಟಿಸಂ ಎಂದರೇನು ಎಂದು ಸರಳವಾಗಿ ನೋಡೋಣ. ಸರ್ಕಾರಿ ಕಾಗದಗಳಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಹುಚ್ಚಲ್ಲ. ಮಿದುಳಿನ ಬೆಳವಣಿಗೆಯೇ ಬೇರೆ ರೀತಿಯಲ್ಲಿ ಆಗಿರುತ್ತದೆ. ಅದರಿಂದ ಇನ್ನೊಬ್ಬರ ಜೊತೆ ಬೆರೆಯುವುದು, ಮಾತು, ಸನ್ನೆ ಕಷ್ಟವಾಗುತ್ತವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಸ್ವಲ್ಪ ಬದಲಾದರೂ ರಂಪ ಮಾಡುವುದು, ಶಬ್ದ, ಬೆಳಕು, ಬಟ್ಟೆಯ ಸ್ಪರ್ಶ ಅತಿಯಾಗಿ ತಾಗುವುದು ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ನಮ್ಮ ಓಣಿಯಲ್ಲೂ ಒಂದು ಮನೆ ಇದ್ದೇ ಇರುತ್ತದೆ. ಆ ಮನೆಯವರು ಮದುವೆ-ಮುಂಜಿಗೆ ಬರುವುದನ್ನು ಬಿಟ್ಟಿರುತ್ತಾರೆ, ಅಷ್ಟೆ. ಅದಕ್ಕೇ ನಮಗೆ ಕಂಡಿರುವುದಿಲ್ಲ.

ನನ್ನ ತಂಗಿಯ ಮಗನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ಬುಗುರಿಯ ಹಾಗೆ ತಿರುಗಿಸಿ ಗಂಟೆಗಟ್ಟಲೆ ನೋಡುತ್ತಿದ್ದ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿರಲಿಲ್ಲ, ತಾಯಿಯ ಕೈಯನ್ನೇ ಸೌಟಿನಂತೆ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಿದ್ದ. ಅತ್ತೆ ಹೇಳಿದರು, "ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು." ಒಬ್ಬ ಡಾಕ್ಟರು "ಗಂಡು ಮಕ್ಕಳು ತಡ, ಕಾಯಿರಿ" ಎಂದು ಕಳಿಸಿದರು. ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಗಿದೆ ಎಂದವರೂ ಇದ್ದರು. ಹರಕೆ, ತಾಯಿತ, ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ಎಲ್ಲವೂ ಆಯಿತು. ಆಟಿಸಂ ಎಂಬ ಪದ ಅವಳ ಕಿವಿಗೆ ಬೀಳುವಾಗ ಹುಡುಗನಿಗೆ ನಾಲ್ಕು ವರ್ಷ ದಾಟಿತ್ತು.

ಈ ಎರಡು ವರ್ಷ ನಿಮ್ಮ ಮನೆಯಲ್ಲಿ ಕಳೆದುಹೋಗಬಾರದು. ಮಗುವಿಗೆ ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ "ಅಲ್ಲಿ ನೋಡು ಗುಬ್ಬಿ" ಎಂದಾಗ ನೀವು ತೋರಿಸಿದ ಕಡೆ ನೋಡದಿದ್ದರೆ, ತಾನೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ "ಅಮ್ಮ ಬಾ" ಎನ್ನದಿದ್ದರೆ, ಅಥವಾ ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಏಕೆಂದರೆ ಕೇಳಿಸದ ಮಗುವೂ ಹೀಗೇ ಇರುತ್ತದೆ. ಆಮೇಲೆ ಮಕ್ಕಳ ತಜ್ಞರು ಅಥವಾ ಮನೋವೈದ್ಯರ ಬಳಿ ಹೋಗಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಗಮನ ಬೇಕು. ಸುಮ್ಮನೆ ಮೂಲೆಯಲ್ಲಿ ಕೂತ ಹುಡುಗಿಯನ್ನು ನಮ್ಮ ಕಡೆ "ನಾಚಿಕೆ ಸ್ವಭಾವ, ಭಾಳ ಒಳ್ಳೆ ಹುಡುಗಿ" ಎಂದು ಹೊಗಳಿ ಬಿಟ್ಟುಬಿಡುತ್ತಾರೆ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಇದು ತಾಯಿಯ ತಪ್ಪಲ್ಲ. ಬಸುರಿಯಿದ್ದಾಗ ಅತ್ತಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ, ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದಕ್ಕೆ ಆಟಿಸಂ ಬರುವುದಿಲ್ಲ. ಓದಿದವರೂ ಈ ತಪ್ಪು ಮಾಡಿದ್ದಾರೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಅಮೆರಿಕದಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಬರೆದ ಮೇಲೆ ಬಹಳ ವರ್ಷ ಅಲ್ಲಿನ ಪಂಡಿತರು ಇದಕ್ಕೆ ತಾಯಂದಿರನ್ನೇ ದೂರಿದರು. ಮಗುವಿನ ಮೇಲೆ ಪ್ರೀತಿ ಇಲ್ಲದ, ಫ್ರಿಜ್ಜಿನಂತೆ ತಣ್ಣಗಿರುವ ತಾಯಿ ಎಂದು ಹೆಸರನ್ನೂ ಇಟ್ಟರು. ಆ ವಾದವನ್ನು 1964ರಲ್ಲಿ ಪುಸ್ತಕ ಬರೆದು ಮುರಿದವರು ಬರ್ನಾರ್ಡ್ ರಿಮ್ಲೆಂಡ್. ಅವರು ಮನಶ್ಶಾಸ್ತ್ರಜ್ಞರು, ಜೊತೆಗೆ ಆಟಿಸಂ ಇದ್ದ ಮಗನ ತಂದೆ. ಲಸಿಕೆಯಿಂದ ಬರುತ್ತದೆ ಎಂಬ ಇನ್ನೊಂದು ಪುಕಾರಿದೆ. ಅದನ್ನು ಹಬ್ಬಿಸಿದ 1998ರ ಲೇಖನವನ್ನು ಅಚ್ಚು ಹಾಕಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ದಯವಿಟ್ಟು ಲಸಿಕೆ ತಪ್ಪಿಸಬೇಡಿ.

ಗುಪ್ತ ಪ್ರತಿಭೆ ಎಲ್ಲರಲ್ಲೂ ಇರುತ್ತದೆಯೇ?

1988ರಲ್ಲಿ ಬಂದ 'ರೇನ್ ಮ್ಯಾನ್' ಎಂಬ ಇಂಗ್ಲಿಷ್ ಸಿನಿಮಾ ಈ ನಂಬಿಕೆಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅದರಲ್ಲಿ ಡಸ್ಟಿನ್ ಹಾಫ್‌ಮನ್ ಮಾಡಿದ ಪಾತ್ರಕ್ಕೆ ಆಟಿಸಂ, ಲೆಕ್ಕದಲ್ಲಿ ಮಾತ್ರ ಅಸಾಧಾರಣ. ನಮ್ಮಲ್ಲಿ 2007ರ 'ತಾರೇ ಜಮೀನ್ ಪರ್' ನೋಡಿದವರು ಅದನ್ನೂ ಇದಕ್ಕೇ ಸೇರಿಸುತ್ತಾರೆ. ಆ ಸಿನಿಮಾದ ಹುಡುಗನಿಗೆ ಇದ್ದದ್ದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು. ಅದು ಬೇರೆ, ಇದು ಬೇರೆ.

ಅಂಥ ಪ್ರತಿಭೆಗಳು ಇರುವುದು ಸುಳ್ಳಲ್ಲ. ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಹೆಲಿಕಾಪ್ಟರಿನಲ್ಲಿ ಒಮ್ಮೆ ಸುತ್ತಿ ಬಂದು ಇಡೀ ನಗರವನ್ನು ನೆನಪಿನಿಂದ ಬಿಡಿಸುತ್ತಾರೆ. ಚಿಕ್ಕವರಿದ್ದಾಗ ಅವರಿಗೆ ಮಾತೇ ಬರುತ್ತಿರಲಿಲ್ಲ. ಆದರೆ ಇಂಥ ವಿಶೇಷ ಶಕ್ತಿ ಇರುವವರು ಹತ್ತರಲ್ಲಿ ಒಬ್ಬರು ಎಂಬುದು ಹಳೆಯ ಅಂದಾಜು. ಎಣಿಸುವ ರೀತಿಯ ಮೇಲೆ ಲೆಕ್ಕ ಬದಲಾಗುತ್ತದೆ. ಹೇಗೆ ಎಣಿಸಿದರೂ ಹೆಚ್ಚಿನ ಮಕ್ಕಳಿಗೆ ಚಪ್ಪಾಳೆ ಗಿಟ್ಟಿಸುವಂಥದ್ದು ಏನೂ ಇರುವುದಿಲ್ಲ.

ನಮ್ಮ ಹುಡುಗನ ತಾರೀಕಿನ ಆಟವೂ ಪವಾಡವೇನಲ್ಲ. ನಿಮ್ಮ ಅಡುಗೆಮನೆಯ ಕ್ಯಾಲೆಂಡರ್ ತೆಗೆದು ನೋಡಿ. ಏಪ್ರಿಲ್ ಮತ್ತು ಜುಲೈ ಯಾವಾಗಲೂ ಒಂದೇ ವಾರದಿಂದ ಶುರುವಾಗುತ್ತವೆ. ಈ ಕಾಲದಲ್ಲಿ 28 ವರ್ಷಕ್ಕೊಮ್ಮೆ ಕ್ಯಾಲೆಂಡರ್ ಹಾಗೆಯೇ ಮರಳುತ್ತದೆ, 1998ರದ್ದು 2026ಕ್ಕೂ ಹೊಂದುತ್ತದೆ. ನಾವು ಇಷ್ಟು ವರ್ಷ ದಿನಾ ನೋಡಿಯೂ ಗಮನಿಸದ ಕ್ರಮ ಅದು. ಕ್ರಮವನ್ನೇ ಪ್ರೀತಿಸುವ ಮಗು, ಇಡೀ ದಿನ ಅದನ್ನೇ ನೋಡುವ ಮಗು, ಅದನ್ನು ಹಿಡಿದುಬಿಡುತ್ತದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರನ್ನು ಅವನು ಎಷ್ಟು ತಿರುವಿ ಹಾಕುತ್ತಿದ್ದನೆಂದರೆ, ನನ್ನ ತಂಗಿ ಸಿಟ್ಟಿಗೆದ್ದು ಒಂದು ಸಲ ಅದನ್ನು ಅಟ್ಟದ ಮೇಲೆ ಎಸೆದಿದ್ದಳಂತೆ. ಮೂರು ದಿನ ಅವನು ಉಣ್ಣಲಿಲ್ಲ.

ಪ್ರತಿಭೆ ಹುಡುಕುವ ಆಟದಲ್ಲಿ ಸೋತ ತಾಯಿಯೊಬ್ಬಳನ್ನೂ ನಾನು ಬಲ್ಲೆ. ಬಳ್ಳಾರಿಯಲ್ಲೇ, ಜೀನ್ಸ್ ಹೊಲಿಯುವ ಓಣಿಯೊಂದರಲ್ಲಿ ಅವರ ಮನೆ. ಮಗಳಿಗೆ ಈಗ 19. ಸಂಗೀತಕ್ಕೆ ಹಾಕಿದರು, ಕಿವಿ ಮುಚ್ಚಿಕೊಂಡಳು. ಚಿತ್ರಕಲೆಗೆ ಹಾಕಿದರು, ಬಣ್ಣದ ಕಡ್ಡಿ ತಿಂದಳು. ಕಂಪ್ಯೂಟರ್ ಕೊಡಿಸಿದರು, ಅದರ ಗುಂಡಿ ಕಿತ್ತಳು. "ಎಲ್ಲಾರ ಮಕ್ಕಳಿಗೂ ಏನಾರ ಒಂದು ಇರ್ತದಂತೆ, ನನ್ನ ಮಗಳಿಗೆ ಅದೂ ಇಲ್ಲಮ್ಮ" ಎಂದು ಆಕೆ ನನ್ನೆದುರು ಅತ್ತಿದ್ದು ನನಗೆ ಮರೆಯುವುದಿಲ್ಲ. ಆಟಿಸಂ ಇರುವುದು ಒಂದು ದುಃಖವಾದರೆ, ಪ್ರತಿಭೆ ಇಲ್ಲದ್ದು ಆಕೆಗೆ ಎರಡನೇ ದುಃಖವಾಗಿತ್ತು. ಆ ಎರಡನೆಯದನ್ನು ಕೊಟ್ಟವರು ನಾವು.

ಆ ಹುಡುಗಿಗೆ ಇಷ್ಟವಾದದ್ದು ಒಂದಿತ್ತು. ಬಟ್ಟೆಯಲ್ಲಿ ಎದ್ದ ದಾರ ಕಂಡರೆ ಕೀಳದೆ ಬಿಡುತ್ತಿರಲಿಲ್ಲ. ಮನೆಗೆ ಬಂದವರ ಸೀರೆ ಸೆರಗನ್ನೂ ಬಿಡುತ್ತಿರಲಿಲ್ಲ, ಅದಕ್ಕಾಗಿ ಏಟೂ ತಿಂದಿದ್ದಾಳೆ. ಹೊಲಿದ ಜೀನ್ಸ್ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುವುದು ನಮ್ಮೂರಿನಲ್ಲಿ ಎಷ್ಟೋ ಹೆಂಗಸರು ಮನೆಯಲ್ಲೇ ಕೂತು ಮಾಡುವ ಕೆಲಸ. ಈಗ ಅವಳು ಬೆಳಿಗ್ಗೆ ಎರಡು ಗಂಟೆ ತಾಯಿಯ ಪಕ್ಕ ಕೂತು ಅದನ್ನೇ ಮಾಡುತ್ತಾಳೆ. ಒಂದು ದಾರವೂ ಉಳಿಯುವುದಿಲ್ಲ. ಲೆಕ್ಕಕ್ಕೆ ತಕ್ಕಂತೆ ದುಡ್ಡು ಅವಳ ಕೈಗೇ ಕೊಡುತ್ತಾರೆ, ಅವಳು ಅದರಲ್ಲಿ ಸಂಜೆ ಒಗ್ಗಾಣಿ-ಮಿರ್ಚಿ ತರಿಸಿಕೊಳ್ಳುತ್ತಾಳೆ. ಇದನ್ನು ಪ್ರತಿಭೆ ಎನ್ನಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಅವಳ ತಾಯಿ ಈಗ ಆ ಪ್ರಶ್ನೆ ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲೇ ನಡೆದ ಕತೆ

ಮಗುವಿನ ಒಳಗೆ ಏನಿದೆ ಎಂದು ಮೊದಲೇ ತೀರ್ಮಾನ ಮಾಡಬಾರದು ಎಂಬುದಕ್ಕೂ ಒಂದು ದೊಡ್ಡ ಉದಾಹರಣೆ ಇದೆ. 1989ರಲ್ಲಿ ಹುಟ್ಟಿದ ಟಿಟೊ ಮುಖೋಪಾಧ್ಯಾಯ ಎಂಬ ಬಂಗಾಳಿ ಹುಡುಗ ಬೆಳೆದದ್ದು ನಮ್ಮ ಮೈಸೂರು, ಬೆಂಗಳೂರುಗಳಲ್ಲಿ. ತೀವ್ರ ಆಟಿಸಂ, ಮಾತು ಇಲ್ಲವೆನ್ನುವಷ್ಟು ಕಡಿಮೆ, ಕೈ ಸದಾ ಆಡುತ್ತಿತ್ತು. ಇವನಿಗೆ ತಿಳಿಯುತ್ತದೋ ಇಲ್ಲವೋ ಎಂದು ತಾಯಿ ಸೋಮಾ ಯಾರನ್ನೂ ಕೇಳುತ್ತಾ ಕೂರಲಿಲ್ಲ. ತಿಳಿಯುತ್ತದೆ ಎಂದುಕೊಂಡೇ ಅಕ್ಷರ, ಲೆಕ್ಕ, ಕತೆ, ಪಾಠ ಎಲ್ಲವನ್ನೂ ಎಡೆಬಿಡದೆ ಓದಿ ಹೇಳಿದರು. ಪೆನ್ಸಿಲ್ ಹಿಡಿಯಲು ಬಾರದ ಕೈಗೆ ರಬ್ಬರ್ ಬ್ಯಾಂಡಿನಿಂದ ಪೆನ್ಸಿಲ್ ಕಟ್ಟಿದರು. ಹುಡುಗ ಬರೆಯಲು ಕಲಿತ. ಬರೀ ಅಕ್ಷರವಲ್ಲ, ತನಗೆ ಜಗತ್ತು ಹೇಗೆ ಕಾಣುತ್ತದೆ, ತನ್ನ ದೇಹ ತನ್ನ ಮಾತು ಹೇಗೆ ಕೇಳುವುದಿಲ್ಲ ಎಂಬುದನ್ನು ಬರೆದ, ಕವಿತೆಗಳನ್ನೂ ಬರೆದ. 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅವನ 'ಬಿಯಾಂಡ್ ದ ಸೈಲೆನ್ಸ್' ಪುಸ್ತಕವನ್ನು ಹೊರತಂದಾಗ ಅವನಿಗೆ ಇನ್ನೂ ಹನ್ನೊಂದರ ಆಸುಪಾಸು. 2001ರಲ್ಲಿ ತಾಯಿ-ಮಗ ಅಮೆರಿಕಕ್ಕೆ ಹೋದರು. ಆಮೇಲೂ ಆತನ ಪುಸ್ತಕಗಳು ಬಂದವು.

ಇದನ್ನು ಓದಿ ನಿಮ್ಮ ಕಣ್ಣು ತುಂಬಿರಬಹುದು, ನನಗೂ ತುಂಬಿತ್ತು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಸೋಮಾ ಅವರ ಕಲಿಸುವ ರೀತಿ ಮುಂದೆ ಒಂದು ವಿಧಾನವಾಗಿ ಅಮೆರಿಕದಲ್ಲಿ ಹರಡಿತು. ಅದರಲ್ಲಿ ದೊಡ್ಡವರು ಅಕ್ಷರದ ಹಲಗೆ ಹಿಡಿದಿರುತ್ತಾರೆ, ಮಗು ಅಕ್ಷರ ತೋರಿಸುತ್ತದೆ. ತೋರಿಸುತ್ತಿರುವುದು ಮಗುವೋ, ಹಲಗೆ ಹಿಡಿದವರು ತಮಗೇ ಗೊತ್ತಿಲ್ಲದೆ ಕೊಡುವ ಸೂಚನೆಯೋ ಎಂಬ ಅನುಮಾನ ಬಂತು. 2018ರಲ್ಲಿ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ ಈ ವಿಧಾನಕ್ಕೆ ಆಧಾರ ಸಾಲದು, ಬಳಸಬೇಡಿ ಎಂದು ಹೇಳಿತು. ಟಿಟೊ ತಾನೇ ಕೈಯಾರೆ ಬರೆಯುವವನು, ಅದು ಬೇರೆ ಮಾತು. ಒಬ್ಬ ತಾಯಿ ಒಬ್ಬ ಮಗನಿಗೆ ಕಂಡುಕೊಂಡ ದಾರಿ ಎಲ್ಲ ಮಕ್ಕಳಿಗೂ ದಾರಿಯಾಗುವುದಿಲ್ಲ. ಆ ತಾಯಿಯಿಂದ ನಾವು ತೆಗೆದುಕೊಳ್ಳಬಹುದಾದದ್ದು ಒಂದಿದೆ. ಮಗು ಉತ್ತರ ಕೊಡದಿದ್ದರೂ ಅದರ ಎದುರು ಮಾತಾಡುವುದನ್ನು ಅವರು ನಿಲ್ಲಿಸಲಿಲ್ಲ. ನಾವು ಏನು ಮಾಡುತ್ತೇವೆ? ಮಗುವಿನ ಎದುರೇ "ಇದಕ್ಕೇನೂ ತಿಳಿಯಲ್ಲ ಬಿಡ್ರಿ" ಎನ್ನುತ್ತೇವೆ.

ಇಷ್ಟವೇ ಬಾಗಿಲು

ಮದುವೆಯ ಆ ಘಟನೆಯ ಮೇಲೆ ನನ್ನ ತಂಗಿ ಬಳ್ಳಾರಿಯಲ್ಲಿ ವಾಕ್ ಚಿಕಿತ್ಸಕರೊಬ್ಬರನ್ನು ಕಂಡಳು. ಅವರು ಹೇಳಿದ್ದು ಇಷ್ಟು: "ಕ್ಯಾಲೆಂಡರ್ ಕಸಿದುಕೊಳ್ಳಬೇಡಿ. ಬಾತ್ರೂಮನ್ನು ಕ್ಯಾಲೆಂಡರ್ ಒಳಗೆ ಹಾಕಿ." ಅವಳು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತಂದಳು. ಪ್ರತಿ ಹಾಳೆಯಲ್ಲಿ ತಾರೀಕಿನ ಕೆಳಗೆ ಅಂದಿನ ಕೆಲಸಗಳ ಚಿತ್ರ ಅಂಟಿಸಿದಳು. ಹಲ್ಲುಜ್ಜುವ ಬ್ರಷ್, ಬಾತ್ರೂಮ್, ತಟ್ಟೆ, ಶಾಲೆಯ ಚೀಲ, ಮತ್ತೆ ಬಾತ್ರೂಮ್. ಮೊಬೈಲಿನಲ್ಲಿ ತಮ್ಮ ಮನೆಯ ಬಾತ್ರೂಮಿನದೇ ಫೋಟೋ ತೆಗೆದು ಪ್ರಿಂಟ್ ಹಾಕಿಸಿದ್ದಳು. ಒಂದೊಂದು ಕೆಲಸ ಆದ ಮೇಲೆ ಅವನೇ ಅದಕ್ಕೆ ಗೆರೆ ಎಳೆಯಬೇಕು, ರಾತ್ರಿ ಅವನೇ ಹಾಳೆ ಹರಿಯಬೇಕು. ಹರಿಯುವುದೆಂದರೆ ಅವನಿಗೆ ಹಬ್ಬ.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಅವನು ಎಲ್ಲಕ್ಕೂ ಬೆಳಿಗ್ಗೆಯೇ ಗೆರೆ ಎಳೆದು ಹಾಳೆ ಹರಿಯತೊಡಗಿದ, ಮತ್ತೆ ಹೊಸದಾಗಿ ಶುರು ಮಾಡಬೇಕಾಯಿತು. ಮೂರು ತಿಂಗಳ ಮೇಲೆ ತಾನಾಗಿ ಹೋಗಿ ಬಂದು ಗೆರೆ ಎಳೆದ. ಅವಳು ಕುಣಿದಾಡಿದಳು. ಮರುದಿನ ಶಾಲೆಯಲ್ಲಿ ಮತ್ತೆ ಚಡ್ಡಿ ಒದ್ದೆ! ಮನೆಯಲ್ಲಿ ಕಲಿತದ್ದು ಶಾಲೆಗೆ ತಾನಾಗಿ ಬರುವುದಿಲ್ಲ, ಇದು ಈ ಮಕ್ಕಳ ಸ್ವಭಾವ. ಶಾಲೆಯ ಬಾತ್ರೂಮಿನ ಫೋಟೋ ಬೇರೆ ತೆಗೆಯಬೇಕಾಯಿತು. ಅದೊಂದು ಚಿಕ್ಕ ಕಾರ್ಡ್ ಮಾಡಿ ಅವನ ಜೇಬಿಗೆ ಹಾಕಿದಳು. ಬೇಕಾದಾಗ ಮೇಡಂ ಕೈಗೆ ಕೊಡುವುದು. ಇದಕ್ಕೆ ಒಪ್ಪುವ ಶಾಲೆ ಸಿಗಲು ಅವಳು ಎಷ್ಟು ಮೆಟ್ಟಿಲು ಹತ್ತಿಳಿದಳು ಎಂದು ಬರೆದರೆ ಈ ಪುಟ ಸಾಲದು.

ಚಿತ್ರದ ಕಾರ್ಡು ಕೊಟ್ಟರೆ ಮಗು ಮಾತು ಕಲಿಯುವುದೇ ಇಲ್ಲ ಎಂದು ಹೆದರಬೇಡಿ. ಚಿತ್ರ, ಸನ್ನೆ, ಟ್ಯಾಬ್ ಯಾವುದೂ ಮಾತನ್ನು ತಡೆಯುವುದಿಲ್ಲ. ಹೇಳಿದರೆ ಕೆಲಸ ಆಗುತ್ತದೆ ಎಂದು ತಿಳಿದ ಮಗುವಿಗೆ ರಂಪ ಕಡಿಮೆಯಾಗುತ್ತದೆ. ಬಳ್ಳಾರಿ ಸೀಮೆಯವರಾದ ನಮಗೆ ಇನ್ನೊಂದು ಗೊಂದಲವಿದೆ. ಮನೆಯಲ್ಲಿ ಕನ್ನಡ, ಅಜ್ಜಿಗೆ ತೆಲುಗು, ಪಕ್ಕದ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. "ಒಂದೇ ಭಾಷೆ ಮಾತಾಡಿ, ಇಂಗ್ಲಿಷೇ ಆಡಿ" ಎಂದು ಸಲಹೆ ಕೊಡುವವರುಂಟು. ಎರಡು ಭಾಷೆ ಕೇಳುವುದರಿಂದ ಆಟಿಸಂ ಮಕ್ಕಳ ಮಾತಿಗೆ ಹಾನಿಯಾಗುವುದು ಅಧ್ಯಯನಗಳಲ್ಲಿ ಕಂಡಿಲ್ಲ. ನಿಮಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು ಬರುತ್ತದೋ ಅದರಲ್ಲೇ ಆಡಿ. ಅಜ್ಜಿಯ ಬಾಯಿ ಮುಚ್ಚಿಸಬೇಡಿ.

"ನಮಗೇನು ತಿಳಿಯುತ್ತದೆ, ಬೆಂಗಳೂರಿಗೆ ಹೋಗಿ ಬರಲು ಶಕ್ತಿಯೂ ಇಲ್ಲ" ಎನ್ನುವವರಿಗೆ ಒಂದು ಸಮಾಚಾರ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮನೆಯವರ ಜೊತೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರ ಹೊತ್ತಿಗೆ ಹೊರಬಂತು. ಅಲ್ಲಿ ಮನೆಗೆ ಬಂದು ಹೇಳಿಕೊಟ್ಟವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೋ ತೆಗೆದು, ಆಮೇಲೆ ಅದನ್ನು ತಾಯಿಯೊಂದಿಗೆ ಕೂತು ನೋಡುತ್ತಿದ್ದರು. ಮಗು ಎಲ್ಲಿ ನೋಡುತ್ತಿದೆಯೋ ಅದರ ಬಗ್ಗೆಯೇ ಮಾತಾಡು, ಎಳೆದುತಂದು ನಿನ್ನ ಆಟ ಆಡಿಸಬೇಡ, ಇಷ್ಟೇ ಪಾಠ. ಆ ತಾಯಂದಿರ ಮಕ್ಕಳು ತಾವಾಗಿ ಮುಂದೆ ಬಂದು ಏನನ್ನಾದರೂ ತೋರಿಸುವುದು, ಕೊಡುವುದು ಹೆಚ್ಚಾಯಿತು.

ಇದನ್ನು ನೀವು ಇವತ್ತೇ ಮಾಡಿನೋಡಬಹುದು. ಮಗು ತಟ್ಟೆ ತಿರುಗಿಸುತ್ತಿದ್ದರೆ ಕಸಿಯಬೇಡಿ, ನೀವೂ ಒಂದು ತಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತು ತಿರುಗಿಸಿ. "ತಿರುಗ್ತು, ತಿರುಗ್ತು, ಬಿತ್ತು!" ಅನ್ನಿ. ಎರಡು ಮೂರು ದಿನ ಅದು ನಿಮ್ಮ ಕಡೆ ನೋಡದೇ ಇರಬಹುದು. ಒಂದು ದಿನ ನಿಮ್ಮ ತಟ್ಟೆ ಬೀಳುವುದಕ್ಕೆ ಕಾಯುತ್ತದೆ. ಆಗ ಬೀಳಿಸದೆ ಸ್ವಲ್ಪ ತಡೆಯಿರಿ. ನಿಮ್ಮ ಮುಖ ನೋಡುತ್ತದೆ.

ರಂಪದ ವಿಷಯ ಹೇಳಲೇಬೇಕು, ಏಕೆಂದರೆ ನಮಗೆ ಬೈಗುಳ ಬರುವುದು ಅಲ್ಲೇ. ಹಟ ಬೇರೆ, ತಾಳಲಾರದೆ ಒಡೆದುಹೋಗುವುದು ಬೇರೆ. ನಿಮಗೆ ಕುಕ್ಕರ್ ಸೀಟಿ ಅನ್ನ ಆಯಿತೆಂಬ ಸುದ್ದಿ, ಆ ಮಗುವಿಗೆ ಕಿವಿಯೊಳಗೆ ಸೂಜಿ. ಮಿಕ್ಸಿ ಹಾಕುವ ಮೊದಲು ಮಿಕ್ಸಿ ತೋರಿಸಿ "ಈಗ ಶಬ್ದ ಬರ್ತದ" ಎಂದು ಬೆರಳೆಣಿಸಿ ಹೇಳಿ, ಆಮೇಲೆ ಹಾಕಿ. ಅಂಗಿಯ ಕೊರಳ ಹಿಂದಿನ ಲೇಬಲ್ ಬಿಚ್ಚಿಬಿಡಿ. ನಮ್ಮ ಬಳ್ಳಾರಿ ಬಿಸಿಲಿಗೆ ನೈಲಾನ್ ಬಟ್ಟೆ ದೊಡ್ಡವರಿಗೇ ಆಗುವುದಿಲ್ಲ, ಮಕ್ಕಳಿಗೆ ಹಳೆಯ ಮೆತ್ತನೆ ಹತ್ತಿ ಬಟ್ಟೆ ಹಾಕಿ. ಜಾತ್ರೆ, ತೇರಿಗೆ ಕರೆದುಕೊಂಡು ಹೋಗಲೇಬೇಕೆಂದರೆ ಡೊಳ್ಳು, ಪಟಾಕಿ ಶುರುವಾಗುವ ಮೊದಲೇ ಹೋಗಿ ಕಾಯಿ ಒಡೆಸಿಕೊಂಡು ಬಂದುಬಿಡಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಚಿಕಿತ್ಸೆಯ ಹೆಸರಿನಲ್ಲಿ ದುಡ್ಡು ಸುರಿಯುವ ಮೊದಲು ಎರಡು ಸಲ ಯೋಚಿಸಿ. ಆಟಿಸಂ ವಾಸಿ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವಾಸಿಯಾಗುವ ಔಷಧಿ ಇಲ್ಲ. ಸ್ಟೆಮ್ ಸೆಲ್ ಚುಚ್ಚುಮದ್ದು ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಕೊಡಬಾರದು ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ. ಹೊಲ ಮಾರಿ, ಬಂಗಾರ ಅಡವಿಟ್ಟು ಹೋಗಬೇಡಿ.

ಸರ್ಕಾರದಿಂದ ಸಿಗುವುದನ್ನು ಮಾತ್ರ ಬಿಡಬೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ನಿಮ್ಮ ಅನುಮಾನವನ್ನು ಅವರೆದುರು ಬಾಯಿಬಿಟ್ಟು ಹೇಳಿ, ಮುಂದಿನ ತಪಾಸಣೆಗೆ ಅವರೇ ಚೀಟಿ ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಐಸಾ ಎಂಬ ನಮ್ಮ ದೇಶದ್ದೇ ಅಳತೆಪಟ್ಟಿ ಇದೆ. 40 ಪ್ರಶ್ನೆ, 70 ಅಂಕ ಬಂದರೆ ಆಟಿಸಂ ಎಂದು ಲೆಕ್ಕ, ಅಂಕ ಹೆಚ್ಚಿದಂತೆ ತೀವ್ರತೆ ಹೆಚ್ಚು. ಅದರ ಮೇಲೆ ಪ್ರಮಾಣಪತ್ರ, ಯುಡಿಐಡಿ ಕಾರ್ಡು ಸಿಗುತ್ತದೆ. "ಮಗನಿಗೆ ಅಂಗವಿಕಲ ಅಂತ ಮುದ್ರೆ ಹಾಕಿಸಬೇಕಾ?" ಎಂದು ನನ್ನ ತಂಗಿಯ ಗಂಡ ಒಂದು ವರ್ಷ ಹಟ ಹಿಡಿದಿದ್ದರು. ಆ ಒಂದು ವರ್ಷ ನಿರಾಮಯ ವಿಮೆ ಕೈತಪ್ಪಿತು. ನ್ಯಾಷನಲ್ ಟ್ರಸ್ಟಿನ ಆ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೈದ್ಯಕೀಯ ಖರ್ಚು ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ನೀವು ಪೋಷಕರಲ್ಲ. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ಪಡೆಯಬೇಕು. ದಾರ ಕತ್ತರಿಸುವ ಹುಡುಗಿಯ ತಾಯಿಗೆ ಇದು ತಿಳಿದದ್ದು ಬ್ಯಾಂಕ್ ಖಾತೆ ತೆರೆಯಲು ಹೋದ ದಿನ.

ಕೊನೆಗೆ ನಿಮ್ಮ ವಿಷಯ. ಇಂಥ ಮನೆಯಲ್ಲಿ ತಾಯಿ ಕಾಯಿಲೆ ಬೀಳುವಂತಿಲ್ಲ, ತವರಿಗೆ ಹೋಗುವಂತಿಲ್ಲ. ಗಂಡನಿಗೆ ವಾರಕ್ಕೆ ಒಂದು ಸಂಜೆಯಾದರೂ ಮಗುವನ್ನು ಪೂರ್ತಿ ಒಪ್ಪಿಸಿಬಿಡಿ, ಅವರು ತಪ್ಪು ಮಾಡಿದರೂ ಮಾಡಲಿ. ಇನ್ನೊಂದು ಮಗುವಿದ್ದರೆ ಅದನ್ನು ಅಣ್ಣನ ಕಾವಲುಗಾರ ಮಾಡಬೇಡಿ. ನಿಮಗೇ ಬದುಕು ಬೇಡವೆನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತು ಇಂಥ ತಾಯಿ ನಿಮ್ಮ ನೆರೆಯಲ್ಲಿದ್ದರೆ ಸಲಹೆ ಕೊಡುವುದನ್ನು ಬಿಟ್ಟು, ಒಂದು ಗಂಟೆ ಮಗುವಿನ ಜೊತೆ ಕೂತು ಆಕೆಯನ್ನು ಸಂತೆಗೆ ಕಳಿಸಿ.

ಈ ಲೇಖನ ಬರೆಯುವ ಮೊದಲು ತಂಗಿಯನ್ನು ಕೇಳಬೇಕೆಂದು ಹೋದ ವಾರ ಸಿರುಗುಪ್ಪಕ್ಕೆ ಫೋನ್ ಮಾಡಿದ್ದೆ. "ಬರಿಯಕ್ಕ, ಹೆಸರು ಹಾಕಬ್ಯಾಡ, ತಾರೀಕಿನ ವಿಷಯ ಭಾಳ ಬರೀಬ್ಯಾಡ, ಮತ್ತ ಮಂದಿ ಕೇಳಾಕ ಬರ್ತಾರ" ಎಂದಳು. ನಾನು ಇನ್ನೇನೋ ಕೇಳುತ್ತಿದ್ದೆ. ನಡುವೆ ಅವಳು ಸುಮ್ಮನಾದಳು. "ಏನಾಯ್ತೇ?" ಎಂದರೆ, "ತಡಿ ಅಕ್ಕ, ಬಂದು ಕಾರ್ಡ್ ಕೈಗೆ ಕೊಟ್ಟ" ಎಂದವಳು ಫೋನ್ ಇಟ್ಟೇಬಿಟ್ಟಳು.